ಅಂಗಾಂಶವನ್ನು ಕತ್ತರಿಸದೆ ನೋಡುವ ಹೊಸ ಸೂಕ್ಷ್ಮದರ್ಶಕಗಳು ಕೊಡಗಿನಂಥ ಜಿಲ್ಲೆಗೆ ಒದಗಿಬರುತ್ತವೆಯೇ?

ಚೇರಂಬಾಣೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಾನು ವೈದ್ಯಕೀಯ ಓದಿದವನಲ್ಲ, ಕಾಫಿ ಮತ್ತು ಮೆಣಸಿನ ತೋಟ ನೋಡಿಕೊಂಡಿರುವವನು. ಕಳೆದ ಜುಲೈನಲ್ಲಿ ನನ್ನ ಸೋದರತ್ತೆಯವರ ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತೆಂದು ತೋರಿಸಲು ಹೋದಾಗ, ಸೂಜಿಯಿಂದ ತುಂಡು ತೆಗೆದು ಪರೀಕ್ಷೆಗೆ ಕಳುಹಿಸಬೇಕೆಂದು ವೈದ್ಯರು ಹೇಳಿದರು. ಭಾಗಮಂಡಲದ ರಸ್ತೆಯ ಮೇಲೆ ಹೊಳೆಯ ನೀರು ಹತ್ತಿದ್ದ ವಾರ ಅದು. ತೆಗೆದ ತುಂಡುಗಳನ್ನು ಒಂದು ಪುಟ್ಟ ಡಬ್ಬಿಯಲ್ಲಿ ನೀರಿನಂಥ ದ್ರವಕ್ಕೆ ಹಾಕಿ ನಮ್ಮ ಕೈಗೇ ಕೊಟ್ಟರು. ಅದನ್ನು ಮೈಸೂರಿನ ಪ್ರಯೋಗಾಲಯಕ್ಕೆ ತಲುಪಿಸಲು ನನಗೆ ಸಾಧ್ಯವಾದದ್ದು ಮೂರನೆಯ ದಿನ. ಒಂಬತ್ತನೆಯ ದಿನ ಬಂದ ವರದಿಯಲ್ಲಿ ರೋಗದ ಹೆಸರೇ ಇರಲಿಲ್ಲ. ಅಂಗಾಂಶ ಕೆಟ್ಟಿದೆ, ಜೀವಕೋಶಗಳ ವಿವರ ಗುರುತಿಸಲಾಗುತ್ತಿಲ್ಲ, ಹೊಸ ಮಾದರಿ ಕಳುಹಿಸಿ ಎಂದಷ್ಟೇ ಇತ್ತು. ಮತ್ತೆ ಸೂಜಿ, ಮತ್ತೆ ಬಸ್ಸು, ಮತ್ತೆ ಕಾಯುವುದು. ಒಟ್ಟು 23 ದಿನ ಹಿಡಿಯಿತು. ಅತ್ತೆಯವರು ಈಗ ಚಿಕಿತ್ಸೆ ಪಡೆದು ಚೇತರಿಸಿಕೊಳ್ಳುತ್ತಿದ್ದಾರೆ, ಆದ್ದರಿಂದ ಯಾರ ಹೆಸರನ್ನೂ ಎತ್ತಿ ದೂರುವ ಉದ್ದೇಶ ನನಗಿಲ್ಲ.

ನಿದ್ದೆ ಬಾರದ ಆ ರಾತ್ರಿಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಅಂಗಾಂಶವನ್ನು ಮೇಣದಲ್ಲಿ ಹುದುಗಿಸದೆ, ಹಾಳೆಯಂತೆ ಕೊಯ್ಯದೆ, ಕೆಲವು ವಿಧಾನಗಳಲ್ಲಿ ಬಣ್ಣವನ್ನೂ ಹಾಕದೆ, ತೆಗೆದ ಕೆಲವೇ ನಿಮಿಷಗಳಲ್ಲಿ ನೋಡಬಲ್ಲ ಸೂಕ್ಷ್ಮದರ್ಶಕಗಳು ಬಂದಿವೆ ಎಂದು ಗೊತ್ತಾಯಿತು. ಒಂದು ಕಡೆ ನೇರಳಾತೀತ ಬೆಳಕು, ಇನ್ನೊಂದು ಕಡೆ ನಮ್ಮ ರಾಮನ್ನರ ಹೆಸರಿನ ವಿಧಾನ, ಮತ್ತೊಂದು ಕಡೆ ಅಂಗಾಂಶವನ್ನೇ ಉಬ್ಬಿಸುವ ವಿಧಾನ. ಇವೆಲ್ಲ ಒಂದೇ ಕೆಲಸಕ್ಕೆ ಹುಟ್ಟಿದ ಬೇರೆ ಬೇರೆ ಯಂತ್ರಗಳೋ, ಬೇರೆ ಬೇರೆ ಕೆಲಸಗಳಿಗೆ ಹುಟ್ಟಿದವುಗಳೋ ಎಂಬುದು ನನಗೆ ಬಿಡಿಸಲಾಗಲಿಲ್ಲ. ಇಂಥದೊಂದು ಯಂತ್ರ ಮಡಿಕೇರಿಯಲ್ಲಿದ್ದಿದ್ದರೆ ನಮ್ಮ 23 ದಿನಗಳು ಒಂದು ಮಧ್ಯಾಹ್ನಕ್ಕೆ ಇಳಿಯುತ್ತಿದ್ದವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ವಿರಾಜಪೇಟೆ

ಹೊಸ ಯಂತ್ರಗಳ ವಿಷಯ ಓದಿದವರು ಹೇಳಲಿ. ಮೂವತ್ತು ವರ್ಷ ಮೈಕ್ರೋಟೋಮ್, ಅಂದರೆ ಅಂಗಾಂಶವನ್ನು ತೆಳ್ಳಗೆ ಕೊಯ್ಯುವ ಯಂತ್ರ, ತಿರುಗಿಸಿದವನಾಗಿ ನನಗೆ ನಿಮ್ಮ ಪತ್ರದಲ್ಲಿ ಕಣ್ಣಿಗೆ ಬಿದ್ದದ್ದು ಬೇರೆಯದು. ನೀರಿನಂಥ ದ್ರವ ಎಂದಿದ್ದೀರಿ. ಆ ಡಬ್ಬಿಯ ಮುಚ್ಚಳ ತೆರೆದಾಗ ಮೂಗು, ಕಣ್ಣು ಉರಿಸುವ ವಾಸನೆ ಇತ್ತೇ? ಇಲ್ಲದಿದ್ದರೆ ಅದು ಫಾರ್ಮಲಿನ್ ಅಲ್ಲ, ಸಲೈನ್, ಅಂದರೆ ಬರಿಯ ಉಪ್ಪುನೀರು, ಆಗಿದ್ದಿರಬೇಕು.

ಅಂಗಾಂಶ ದೇಹದಿಂದ ಹೊರಬಂದ ಕ್ಷಣದಿಂದಲೇ ಅದರ ಜೀವಕೋಶಗಳು ತಮ್ಮ ಕಿಣ್ವಗಳಿಂದ ತಾವೇ ಕರಗತೊಡಗುತ್ತವೆ. ಅದನ್ನು ತಡೆದು, ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು, ಇದ್ದಂತೆಯೇ ನಿಲ್ಲಿಸುವ ಕೆಲಸ ಫಾರ್ಮಲಿನ್ನಿನದು. ಜರ್ಮನಿಯ ಫರ್ಡಿನಾಂಡ್ ಬ್ಲುಮ್ 1893ರಲ್ಲಿ ಇದರ ಗುಣವನ್ನು ಕಂಡುಕೊಂಡ ಮೇಲೆ ಇವತ್ತಿಗೂ ಅದರ ಜಾಗಕ್ಕೆ ಇನ್ನೊಂದು ಬಂದಿಲ್ಲ. ನಾವು ಬಳಸುವುದು 10 ಶೇಕಡಾ ಫಾರ್ಮಲಿನ್, ಅಂದರೆ ಅದರಲ್ಲಿ ನಿಜವಾಗಿ ಇರುವ ಫಾರ್ಮಾಲ್ಡಿಹೈಡ್ ಸುಮಾರು 4 ಶೇಕಡಾ. ಅದು ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಇಳಿದ ಮೇಲೆ ಹೆಣೆಯುವ ಕೆಲಸಕ್ಕೆ ಇನ್ನಷ್ಟು ಹೊತ್ತು ಬೇಕು. ಕಣದಲ್ಲಿ ಹರಡಿದ ಕಾಫಿಯನ್ನು ಅವಸರಪಟ್ಟು ಚೀಲಕ್ಕೆ ತುಂಬಿದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಸ್ತನದ ಮಾದರಿಗೆ ಇನ್ನೂ ಒಂದು ಕಟ್ಟುಪಾಡಿದೆ. ಗಂಟು ಕ್ಯಾನ್ಸರ್ ಎಂದಾದರೆ ಹಾರ್ಮೋನ್ ಗ್ರಾಹಕಗಳ, ಅಂದರೆ ಹಾರ್ಮೋನುಗಳನ್ನು ಹಿಡಿಯುವ ಪ್ರೋಟೀನುಗಳ, ಪರೀಕ್ಷೆ ಮಾಡಬೇಕಾಗುತ್ತದೆ, ಯಾವ ಔಷಧಿ ಎಂಬುದು ಅದರ ಮೇಲೆ ನಿಂತಿದೆ. ಆ ಪರೀಕ್ಷೆ ನಂಬಿಕೆಗೆ ಅರ್ಹವಾಗಬೇಕಾದರೆ ತುಂಡು ಒಂದು ಗಂಟೆಯೊಳಗೆ ಫಾರ್ಮಲಿನ್ನಿಗೆ ಬಿದ್ದಿರಬೇಕು, ಎಷ್ಟೇ ಚಿಕ್ಕದಾದರೂ 6 ಗಂಟೆಗೆ ಕಡಿಮೆಯಿಲ್ಲದಂತೆ, 72 ಗಂಟೆಗೆ ಮೀರದಂತೆ ಅದರಲ್ಲಿ ನೆಂದಿರಬೇಕು. ಹೀಗಿರುವಾಗ ಮೈಸೂರಿನ ಬಸ್ಸಿನಲ್ಲಿ ಕಳೆದ ನಾಲ್ಕು ಗಂಟೆ ವ್ಯರ್ಥವೆಂದು ನೀವು ಭಾವಿಸಬೇಕಾಗಿಲ್ಲ. ಡಬ್ಬಿಯಲ್ಲಿ ಸರಿಯಾದ ದ್ರವವಿದ್ದರೆ ಆ ಹೊತ್ತೂ ಕೆಲಸದ ಹೊತ್ತೇ.

ಅಲ್ಲಿಂದ ಮುಂದಿನದು ಹೀಗೆ: ತುಂಡನ್ನು ಕ್ಯಾಸೆಟ್ ಎಂಬ ತೂತುಗಳಿರುವ ಪುಟ್ಟ ಪೆಟ್ಟಿಗೆಗೆ ಹಾಕಿ, ರಾತ್ರಿಯೆಲ್ಲ ಮದ್ಯಸಾರದಲ್ಲಿ ನೀರು ತೆಗೆದು, ಝೈಲೀನಿನಲ್ಲಿ ಮದ್ಯಸಾರ ತೆಗೆದು, ಕರಗಿದ ಮೇಣ ಕುಡಿಸಿ ಬ್ಲಾಕ್ ಕಟ್ಟುತ್ತೇವೆ. ಬೆಳಿಗ್ಗೆ 3ರಿಂದ 5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪಕ್ಕೆ ಕೊಯ್ದು, ಬೆಚ್ಚನೆಯ ನೀರಿನ ಮೇಲೆ ತೇಲಿಸಿ, ಗಾಜಿಗೆ ಹಿಡಿದು, ಬಣ್ಣ ಹಾಕುತ್ತೇವೆ. ಹೆಮಟಾಕ್ಸಿಲಿನ್ ಮಧ್ಯ ಅಮೆರಿಕದ ಒಂದು ಮರದ ತಿರುಳಿನಿಂದ ಬರುವ ಬಣ್ಣ. ಕೋಶಕೇಂದ್ರಗಳನ್ನು ನೀಲಿ ಮಾಡುತ್ತದೆ. ಇಯೋಸಿನ್ ಉಳಿದದ್ದನ್ನೆಲ್ಲ ಗುಲಾಬಿ ಮಾಡುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಮರುದಿನ ಮಧ್ಯಾಹ್ನ ಸ್ಲೈಡ್ ಸಿದ್ಧ. ಹಾಗಾದರೆ ನಿಮ್ಮ ಒಂಬತ್ತು ದಿನಗಳಲ್ಲಿ ಉಳಿದವು ಎಲ್ಲಿ ಹೋದವು? ಮೂರು ದಿನ ರಸ್ತೆಯಲ್ಲಿ. ಮಿಕ್ಕವು, ನನ್ನ ಅನುಭವದಲ್ಲಿ, ನೋಡುವ ವೈದ್ಯರ ಮೇಜಿನ ಮೇಲಿನ ಸಾಲಿನಲ್ಲಿ.

ನಾಪೋಕ್ಲಿನವಳು, ಈಗ ಮೈಸೂರಿನಲ್ಲಿ ಪೆಥಾಲಜಿಸ್ಟ್

ಟೆಕ್ನೀಷಿಯನ್ ಅಣ್ಣನವರ ಕೊನೆಯ ಮಾತು ನಮ್ಮಂಥವರಿಗೆ ತಾಗುವಂಥದ್ದು, ಆದರೆ ತಪ್ಪಲ್ಲ. ಬೆಳೆಗಾರರ ಪ್ರಶ್ನೆಗೆ ಬರುತ್ತೇನೆ. ಇವೆಲ್ಲ ಬೇರೆ ಬೇರೆ ಕೆಲಸಗಳಿಗೆ ಹುಟ್ಟಿದವು. ಕೆಲವಕ್ಕೆ ವೇಗ ಬೇಕಾಗಿದೆ, ಕೆಲವಕ್ಕೆ ಆಳ, ಕೆಲವಕ್ಕೆ ಸೂಕ್ಷ್ಮತೆ. ಪತ್ರಿಕೆಗಳು ಮೂರನ್ನೂ ಕಲಸಿ ಬರೆಯುವುದರಿಂದ ಗೊಂದಲವಾಗುತ್ತದೆ.

ನಾವು ಅಂಗಾಂಶವನ್ನು ಅಷ್ಟು ತೆಳ್ಳಗೆ ಕೊಯ್ಯುವುದೇಕೆ ಎಂಬುದನ್ನು ಮೊದಲು ನೋಡಬೇಕು. ದಪ್ಪ ತುಂಡನ್ನು ಸಾಮಾನ್ಯ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ನೋಡಬೇಕಾದ ಪದರದ ಮೇಲಿನ ಮತ್ತು ಕೆಳಗಿನ ಪದರಗಳಿಂದ ಬರುವ ಮಸುಕು ಬೆಳಕು ಅದರ ಮೇಲೆ ಬಿದ್ದು ಎಲ್ಲವೂ ಕಲಸಿಹೋಗುತ್ತದೆ. ಆದ್ದರಿಂದ ಮೇಲಿನದನ್ನೂ ಕೆಳಗಿನದನ್ನೂ ಚಾಕುವಿನಿಂದ ತೆಗೆದೇಬಿಡುತ್ತೇವೆ. ಹೊಸ ವಿಧಾನಗಳಲ್ಲಿ ಹೆಚ್ಚಿನವು ಆ ಚಾಕುವಿನ ಕೆಲಸವನ್ನು ಬೆಳಕಿಗೆ ವಹಿಸುವ ಉಪಾಯಗಳು. ಮಾರ್ವಿನ್ ಮಿನ್ಸ್ಕಿ 1957ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಕನ್ಫೋಕಲ್ ಸೂಕ್ಷ್ಮದರ್ಶಕ ಒಂದು ಸೂಜಿರಂಧ್ರವನ್ನಿಟ್ಟು, ಬೇಡದ ಪದರದ ಬೆಳಕನ್ನು ಹೊರಗೆ ನಿಲ್ಲಿಸಿತು. ಅದರ ನಂತರದ್ದೆಲ್ಲ ಅದೇ ಆಸೆಯ ಬೇರೆ ಬೇರೆ ರೂಪಗಳು.

ನೀವು ಓದಿದ ನೇರಳಾತೀತ ವಿಧಾನ ಬಹುಶಃ ಮ್ಯೂಸ್ ಎಂಬುದಿರಬೇಕು. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಲೆವೆನ್ಸನ್ ಮತ್ತು ಅವರ ಸಂಗಡಿಗರು ಬೆಳೆಸಿ 2017ರಲ್ಲಿ ವಿವರವಾಗಿ ಪ್ರಕಟಿಸಿದ ವಿಧಾನವದು. ಅದರ ಜಾಣತನ ಎಷ್ಟು ಸರಳವೆಂದರೆ, ಓದಿದ ದಿನ ಇದು ನಮಗೇಕೆ ಮೊದಲೇ ಹೊಳೆಯಲಿಲ್ಲ ಎನ್ನಿಸಿತ್ತು. ಅಲೆಯ ಉದ್ದ 280 ನ್ಯಾನೋಮೀಟರ್ (ನ್ಯಾನೋಮೀಟರ್ ಎಂದರೆ ಮೈಕ್ರಾನಿನ ಸಾವಿರದಲ್ಲೊಂದು ಪಾಲು) ಆಸುಪಾಸು ಇರುವ ನೇರಳಾತೀತ ಬೆಳಕು ಅಂಗಾಂಶದೊಳಗೆ ಕೆಲವೇ ಮೈಕ್ರಾನ್ ಇಳಿಯುವಷ್ಟರಲ್ಲಿ ಹೀರಲ್ಪಟ್ಟು ಮುಗಿದುಹೋಗುತ್ತದೆ. ಹಾಗಾಗಿ ತುಂಡು ಎಷ್ಟೇ ದಪ್ಪವಿರಲಿ, ಹೊಳೆಯುವುದು ಮೇಲ್ಮೈಯ ತೆಳು ಪದರ ಮಾತ್ರ. ಕೊಯ್ಯದೆಯೇ ಕೊಯ್ದಂತೆ ಆಗುತ್ತದೆ. ತಾಜಾ ತುಂಡನ್ನು ಪ್ರತಿದೀಪ್ತಿ ಬಣ್ಣಗಳಲ್ಲಿ, ಅಂದರೆ ನೇರಳಾತೀತ ಬೆಳಕು ಬಿದ್ದಾಗ ಹೊಳೆಯುವ ಬಣ್ಣಗಳಲ್ಲಿ, ಸ್ವಲ್ಪ ಹೊತ್ತು ಅದ್ದಿ, ತೊಳೆದು, ಎಲ್‌ಇಡಿ ಬೆಳಕನ್ನು ಓರೆಯಾಗಿ ಬೀಳಿಸಿ ಚಿತ್ರ ತೆಗೆದರೆ ಸಾಕು. ಓರೆಯಾಗಿ ಏಕೆಂದರೆ ಸೂಕ್ಷ್ಮದರ್ಶಕದ ಸಾಮಾನ್ಯ ಗಾಜಿನ ಮಸೂರ ಆ ಬೆಳಕನ್ನು ದಾಟಗೊಡುವುದಿಲ್ಲ. ಇದರಲ್ಲಿ ದುಬಾರಿ ಲೇಸರ್ ಇಲ್ಲ. ಸಣ್ಣ ಊರಿಗೆ ಹತ್ತಿರ ಬರಬಹುದಾದದ್ದು ಯಾವುದೆಂದು ಕೇಳಿದರೆ ನಾನು ಬೆರಳು ತೋರಿಸುವುದು ಇದರ ಕಡೆಗೆ. ಆದರೆ ಮೇಲ್ಮೈ ಕಾಣಿಸುವ ವಿಧಾನವಾದ್ದರಿಂದ, ಮೇಲ್ಮೈ ಸರಿಯಾಗಿ ಸಮತಟ್ಟಾಗಿರಬೇಕು. ಸೂಜಿಯಿಂದ ಬಂದ ತುಂಡಿನ ಒಳಗೆ ಅಡಗಿದ್ದದ್ದು ಅಡಗಿಯೇ ಉಳಿಯುತ್ತದೆ.

ಒಳಗಿರುವುದು ಬೇಕಾದರೆ ಬೆಳಕಿನ ಹಾಳೆಯ ವಿಧಾನ, ಅಂದರೆ ಲೈಟ್ ಶೀಟ್. ಡಿಸೆಂಬರಿನ ಬೆಳಿಗ್ಗೆ ತೋಟದ ಸಿಲ್ವರ್ ಓಕ್ ಮರಗಳ ನಡುವಿನಿಂದ ಬಿಸಿಲಿನ ಕೋಲು ಮಂಜಿನೊಳಗೆ ಇಳಿಯುವಾಗ ಬದಿಯಲ್ಲಿ ನಿಂತು ನೋಡಿದ್ದೀರಷ್ಟೆ. ಆ ಕೋಲಿನಲ್ಲಿರುವ ಮಂಜಿನ ಹನಿಗಳು ಮಾತ್ರ ಕಾಣುತ್ತವೆ, ಅದರ ಆಚೀಚಿನವು ಕಾಣುವುದಿಲ್ಲ. ಹಾಗೆಯೇ ಬೆಳಕನ್ನು ತೆಳು ಹಾಳೆಯಾಗಿಸಿ ಅಂಗಾಂಶದ ಪಕ್ಕದಿಂದ ತೂರಿಸಿ, ಅದಕ್ಕೆ ಲಂಬವಾಗಿ ನಿಂತು ಚಿತ್ರ ತೆಗೆಯುತ್ತಾರೆ. ಹಾಳೆಯನ್ನು ಮುಂದೆ ಮುಂದೆ ಸರಿಸುತ್ತ ಹೋದಂತೆ ಇಡೀ ತುಂಡಿನ ಪದರ ಪದರವೂ ಸಿಗುತ್ತದೆ. ವಿಚಾರ ಹಳೆಯದು: ಝಿಗ್ಮಾಂಡಿ ಮತ್ತು ಝೀಡೆನ್‌ಟೋಫ್ 1903ರಲ್ಲಿಯೇ ಗಾಜಿನೊಳಗಿನ ಚಿನ್ನದ ಕಣಗಳನ್ನು ಹೀಗೆ ನೋಡಿದ್ದರು. 2004ರಲ್ಲಿ ಹೈಡೆಲ್‌ಬರ್ಗಿನ ವಿಜ್ಞಾನಿಗಳು ಅದನ್ನು ಜೀವವಿಜ್ಞಾನಕ್ಕೆ ತಂದರು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೊನಾಥನ್ ಲಿಯು ತಂಡ 2017ರಲ್ಲಿ ತೋರಿಸಿದ ಉಪಕರಣವಂತೂ ಬಯಾಪ್ಸಿ ತುಂಡನ್ನು ಗಾಜಿನ ತಟ್ಟೆಯ ಮೇಲೆ ಇಟ್ಟರೆ ಕೆಳಗಿನಿಂದಲೇ ನೋಡುವಂಥದ್ದು. ಇದಕ್ಕೆ ಮೊದಲು ಅಂಗಾಂಶವನ್ನು ಪಾರದರ್ಶಕ ಮಾಡಬೇಕು. ಅಕ್ಷರವಿರುವ ಕಾಗದದ ಮೇಲೆ ಎಣ್ಣೆ ಬಿದ್ದರೆ ಹಿಂದಿನ ಪುಟ ಕಾಣುವುದಿಲ್ಲವೇ? ಕಾಗದದ ನಾರು ಮತ್ತು ನಡುವಿನ ಗಾಳಿಯ ವಕ್ರೀಭವನಾಂಕದ, ಅಂದರೆ ಅವು ಬೆಳಕನ್ನು ಬಾಗಿಸುವ ಪ್ರಮಾಣದ, ಅಂತರವನ್ನು ಎಣ್ಣೆ ತುಂಬಿಬಿಡುತ್ತದೆ. ಇಲ್ಲಿಯೂ ಅದೇ ತತ್ತ್ವ.

ಇದರ ಬೆಲೆ ತಿಳಿಯಲು ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಅತ್ತೆಯವರ ಸೂಜಿ ತುಂಡು ಒಂದು ಮಿಲಿಮೀಟರ್ ದಪ್ಪವಿತ್ತೆಂದುಕೊಳ್ಳಿ. 4 ಮೈಕ್ರಾನಿನಂತೆ ಕೊಯ್ದರೆ ಅದರಲ್ಲಿ 250 ಪದರಗಳಾಗುತ್ತವೆ. ನಾನು ದಿನನಿತ್ಯ ನೋಡುವುದು ಅವುಗಳಲ್ಲಿ ಬೆರಳೆಣಿಕೆಯಷ್ಟನ್ನು. ಉಳಿದದ್ದು ಬ್ಲಾಕಿನಲ್ಲಿ ಹಾಗೆಯೇ ಇರುತ್ತದೆ. ಆ ಬೆರಳೆಣಿಕೆಯೇ ಬಹುಪಾಲು ಸಂದರ್ಭಗಳಲ್ಲಿ ಸಾಕಾಗುತ್ತದೆ ಎಂಬುದು ನೂರು ವರ್ಷಕ್ಕೂ ಮೀರಿದ ಅನುಭವ. ಆದರೂ ಪ್ರಾಸ್ಟೇಟಿನಂಥ ಅಂಗದಲ್ಲಿ ಗ್ರಂಥಿಗಳು ಹೇಗೆ ಕವಲೊಡೆದಿವೆ ಎಂಬುದು ಮೂರು ಆಯಾಮಗಳಲ್ಲಿ ಕಂಡರೆ ಬೇರೆಯೇ ಅರ್ಥ ಕೊಡಬಹುದು.

ಉಬ್ಬಿಸುವ ವಿಧಾನದ ಗುರಿ ಸೂಕ್ಷ್ಮತೆ. ಅರ್ನ್‌ಸ್ಟ್ ಅಬ್ಬೆ 1873ರಲ್ಲಿಯೇ ಹೇಳಿದಂತೆ, ಕಾಣುವ ಬೆಳಕಿನಲ್ಲಿ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಕಾಣಲಾಗದು. ಸ್ಟೆಫಾನ್ ಹೆಲ್, ಎರಿಕ್ ಬೆಟ್ಸಿಗ್ ಮತ್ತು ವಿಲಿಯಂ ಮೋರ್ನರ್ ಬೆಳಕಿನ ಕಡೆಯಿಂದ ಆ ಗಡಿಯನ್ನು ದಾಟಿದ್ದಕ್ಕೆ 2014ರ ನೊಬೆಲ್ ಪಡೆದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಎಡ್ ಬಾಯ್ಡನ್ ಅವರ ತಂಡ 2015ರಲ್ಲಿ ಬೆಳಕಿನ ಗೊಡವೆಗೇ ಹೋಗದೆ, ಮಕ್ಕಳ ಡೈಪರಿನಲ್ಲಿ ನೀರು ಹೀರುವ ಪಾಲಿಮರನ್ನು ಅಂಗಾಂಶದೊಳಗೆ ಬೆಳೆಸಿ, ನೀರು ಕುಡಿಸಿ, ಸಬ್ಬಕ್ಕಿ ನೆಂದಂತೆ ಅಂಗಾಂಶವನ್ನೇ ಎಲ್ಲ ದಿಕ್ಕಿಗೂ ಸುಮಾರು ನಾಲ್ಕೂವರೆ ಪಟ್ಟು ಉಬ್ಬಿಸಿತು. ಎರಡು ವರ್ಷಗಳ ನಂತರ ಅವರದೇ ತಂಡ ಆಸ್ಪತ್ರೆಯ ಮಾದರಿಗಳಲ್ಲಿ ಇದನ್ನು ಮಾಡಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕಾಗುತ್ತಿದ್ದ ಒಂದು ಮೂತ್ರಪಿಂಡ ಕಾಯಿಲೆಯ ಗುರುತನ್ನು ಸಾಮಾನ್ಯ ಬೆಳಕಿನಲ್ಲಿಯೇ ತೋರಿಸಿತು. ಮೂತ್ರಪಿಂಡದವರಿಗೆ ಇದು ದೊಡ್ಡದು. ಎದೆಯ ಗಂಟಿಗೆ ಇದರಿಂದ ಸದ್ಯಕ್ಕೆ ಉಪಯೋಗವಿಲ್ಲ.

ಈಗ ನಿಮ್ಮ 23 ದಿನಗಳು. ಮಡಿಕೇರಿಯಲ್ಲಿ ಮ್ಯೂಸ್ ಇದ್ದಿದ್ದರೆ ತುಂಡು ಸಾಕಷ್ಟು ಸಿಕ್ಕಿದೆಯೇ, ಗಂಟಿನಿಂದಲೇ ಬಂದಿದೆಯೇ ಎಂಬುದು ಅಲ್ಲಿಯೇ ಆ ದಿನವೇ ತಿಳಿಯಬಹುದಿತ್ತು. ಇದು ಸಣ್ಣ ಲಾಭವಲ್ಲ. ಆದರೆ ಕೊನೆಯ ವರದಿಗೆ, ಅದರಲ್ಲಿಯೂ ಹಾರ್ಮೋನ್ ಗ್ರಾಹಕಗಳ ಪರೀಕ್ಷೆಗೆ, ಆ ತುಂಡು ಮತ್ತೆ ಅದೇ ಫಾರ್ಮಲಿನ್, ಅದೇ ಮೇಣದ ದಾರಿಯನ್ನೇ ಹಿಡಿಯಬೇಕಿತ್ತು.

ಭೌತಶಾಸ್ತ್ರದ ಮೇಷ್ಟ್ರು, ಮಡಿಕೇರಿ

ಡಾಕ್ಟರಮ್ಮನವರು ರಾಮನ್ನರನ್ನು ಬಿಟ್ಟುಬಿಟ್ಟರು. ಅದನ್ನು ನಾನು ತುಂಬುತ್ತೇನೆ, ಪಾಠ ಮಾಡುವವನ ಚಪಲವೆಂದು ಕ್ಷಮಿಸಿ.

1928ರ ಫೆಬ್ರುವರಿ 28ರಂದು ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಕಂಡದ್ದು ಇಷ್ಟು: ಒಂದೇ ಬಣ್ಣದ ಬೆಳಕು ದ್ರವದಲ್ಲಿ ಚದುರಿದಾಗ ಬಹುಪಾಲು ಅದೇ ಬಣ್ಣದಲ್ಲಿ ಹೊರಬಂದರೂ, ಅತ್ಯಲ್ಪ ಭಾಗ ಬಣ್ಣ ಬದಲಿಸಿಕೊಂಡು ಬರುತ್ತದೆ. ಬದಲಾದ ಪ್ರಮಾಣ ಆ ಅಣುವಿನ ಬಂಧಗಳು ಎಷ್ಟು ವೇಗದಲ್ಲಿ ಕಂಪಿಸುತ್ತವೆ ಎಂಬುದನ್ನು ಹೇಳುತ್ತದೆ. ಅಂದರೆ ಬಣ್ಣ ಹಾಕದೆಯೇ ವಸ್ತು ತನ್ನ ಗುರುತನ್ನು ತಾನೇ ಹೇಳುತ್ತದೆ. ತೊಡಕು ಒಂದೇ: ಹಾಗೆ ಬದಲಾಗುವುದು ಸುಮಾರು ಕೋಟಿ ಫೋಟಾನ್‌ಗಳಲ್ಲಿ ಒಂದು. ಆ ಒಂದನ್ನು ಕಾಯುತ್ತ ಕುಳಿತು ಅಂಗಾಂಶದ ಚಿತ್ರ ಬಿಡಿಸಲು ಹೋದರೆ ರೋಗಿ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಇರಬೇಕಾಗುತ್ತದೆ.

ಇದನ್ನು ಮೀರಿದ್ದು ಎರಡು ಲೇಸರುಗಳನ್ನು ಒಟ್ಟಿಗೆ ಬಿಡುವ ಉಪಾಯದಿಂದ. ಎರಡರ ಆವರ್ತನಗಳ ವ್ಯತ್ಯಾಸ ಬಂಧದ ಕಂಪನಕ್ಕೆ ಸರಿಹೊಂದುವಂತೆ ಶ್ರುತಿ ಮಾಡಿದರೆ, ಒಂದು ಕಿರಣದಿಂದ ಇನ್ನೊಂದಕ್ಕೆ ಶಕ್ತಿ ದಾಟುವುದು ಅನೇಕ ಪಟ್ಟು ಹೆಚ್ಚುತ್ತದೆ. ಇದು ಪ್ರಚೋದಿತ ರಾಮನ್ ಚದುರುವಿಕೆ. ಹಾರ್ವರ್ಡಿನ ಸನ್ನಿ ಶೀ ತಂಡ 2008ರಲ್ಲಿ ಇದನ್ನು ಅಂಗಾಂಶದ ಚಿತ್ರಣಕ್ಕೆ ತಂದಿತು. ಶ್ರುತಿಯನ್ನು 2845 ತರಂಗಸಂಖ್ಯೆಗೆ (ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆಗಳೆಂಬ ಲೆಕ್ಕ) ಇಟ್ಟರೆ ಕೊಬ್ಬು ಬೆಳಗುತ್ತದೆ, 2930ಕ್ಕೆ ಇಟ್ಟರೆ ಪ್ರೋಟೀನೂ ಸೇರುತ್ತದೆ. ಎರಡರ ವ್ಯತ್ಯಾಸದಿಂದ ಕೋಶಕೇಂದ್ರಗಳನ್ನು ಬಿಡಿಸಿಕೊಂಡು, ಕಂಪ್ಯೂಟರಿನಲ್ಲಿ ನೀಲಿ ಗುಲಾಬಿ ಬಣ್ಣ ಕೊಟ್ಟರೆ ವೈದ್ಯರ ಕಣ್ಣಿಗೆ ಪರಿಚಿತವಾದ ಚಿತ್ರವೇ ಬರುತ್ತದೆ. ಮಿದುಳಿನ ಗೆಡ್ಡೆಗಳ ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಬಳಸಿ 278 ರೋಗಿಗಳಲ್ಲಿ ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಚಿತ್ರ ತೆಗೆದು ಕೃತಕ ಬುದ್ಧಿಮತ್ತೆ ಉತ್ತರ ಹೇಳಲು ಎರಡೂವರೆ ನಿಮಿಷಕ್ಕಿಂತ ಕಡಿಮೆ ಸಾಕಾಯಿತು; ಅದರ ನಿಖರತೆ 94.6 ಶೇಕಡಾ, ಸಾಂಪ್ರದಾಯಿಕ ಸ್ಲೈಡ್ ನೋಡಿದ ಪೆಥಾಲಜಿಸ್ಟರದು 93.9.

ಈ ಅಂಕಿಗಳನ್ನು ಓದಿ ಯಂತ್ರ ಮನುಷ್ಯನನ್ನು ಮೀರಿತು ಎಂದು ಬರೆದವರಿದ್ದಾರೆ. 278ರಲ್ಲಿ ಆ ವ್ಯತ್ಯಾಸವೆಂದರೆ ಇಬ್ಬರು ರೋಗಿಗಳು. ಅಷ್ಟರಿಂದ ಗೆದ್ದವರಾರೆಂದು ಹೇಳಲಾಗದು, ಸಮಸಮವೆನ್ನಬಹುದು ಅಷ್ಟೆ. ಇದು ಸಾರ್ಥಕವಾಗುವುದು ತಲೆಬುರುಡೆ ತೆರೆದಿಟ್ಟುಕೊಂಡು ಶಸ್ತ್ರವೈದ್ಯರು ಕಾಯುತ್ತಿರುವ ಕಡೆ, ಒಂದೊಂದು ನಿಮಿಷಕ್ಕೂ ಬೆಲೆಯಿರುವ ಕಡೆ. ನಮ್ಮ ಮಳೆಗಾಲದ ತೇವದಲ್ಲಿ ಕಾಲೇಜಿನ ಮಸೂರಗಳಿಗೇ ಬೂಸಲು ಹಿಡಿಯದಂತೆ ಕಾಪಾಡುವುದು ಕಷ್ಟ. ಎರಡು ಲೇಸರುಗಳ ಜೋಡಣೆಯನ್ನು ಇಲ್ಲಿ ವರ್ಷವಿಡೀ ಕಾಯುವುದನ್ನು ನೆನೆಸಿಕೊಂಡರೆ ನನಗೆ ಭಯವಾಗುತ್ತದೆ.

ಚೇರಂಬಾಣೆಯ ಬೆಳೆಗಾರ

ಎಲ್ಲರಿಗೂ ಕೃತಜ್ಞತೆಗಳು. ಟೆಕ್ನೀಷಿಯನ್ ಅವರು ಕೇಳಿದ ಪ್ರಶ್ನೆ ನಿನ್ನೆಯೆಲ್ಲ ತಲೆಯಲ್ಲಿತ್ತು. ಮೊದಲ ಡಬ್ಬಿಗೆ ಯಾವ ವಾಸನೆಯೂ ಇರಲಿಲ್ಲ. ಎರಡನೆಯ ಬಾರಿ ಕೊಟ್ಟ ಡಬ್ಬಿಯ ಮುಚ್ಚಳ ಸಡಿಲಾಗಿ, ಕುಶಾಲನಗರ ದಾಟುವಷ್ಟರಲ್ಲಿ ಪಕ್ಕದ ಸೀಟಿನವರೂ ಕಣ್ಣುಜ್ಜಿಕೊಳ್ಳುತ್ತಿದ್ದರು. ಆಗ ನನಗೆ ಅರ್ಥವಾಗಿರಲಿಲ್ಲ, ಮುಜುಗರವಷ್ಟೇ ಆಗಿತ್ತು.

ಇನ್ನೊಂದು ಕೇಳಬೇಕು. ಸ್ಲೈಡ್ ಮರುದಿನವೇ ಸಿದ್ಧವಾಗುತ್ತದೆ, ನೋಡುವವರ ಸಾಲಿನಲ್ಲಿಯೇ ದಿನಗಳು ಹೋಗುತ್ತವೆ ಎಂದಾದರೆ, ಸ್ಲೈಡನ್ನು ಇಲ್ಲಿಯೇ ಮಾಡಿ ಚಿತ್ರವನ್ನು ಮಾತ್ರ ಕಳುಹಿಸಲಾಗದೇ?

ಕುಶಾಲನಗರದ ನೆಟ್‌ವರ್ಕ್ ಕೆಲಸದವನು

ಆಗುತ್ತದೆ. ಇಡೀ ಸ್ಲೈಡನ್ನು ಅಂಚಿನಿಂದ ಅಂಚಿಗೆ ಚಿತ್ರ ಮಾಡುವ ಸ್ಕ್ಯಾನರುಗಳು ಹೊಸವೇನಲ್ಲ. ಅಂಥ ಚಿತ್ರವನ್ನೇ ನೋಡಿ ಮೊದಲ ವರದಿ ಕೊಡಲು ಅಮೆರಿಕದ ಔಷಧಿ ಮತ್ತು ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2017ರ ಏಪ್ರಿಲಿನಲ್ಲಿ ಫಿಲಿಪ್ಸ್ ಕಂಪನಿಯ ಒಂದು ವ್ಯವಸ್ಥೆಗೆ ಒಪ್ಪಿಗೆ ಕೊಟ್ಟಿತು. ಎರಡು ವರ್ಷದ ಹಿಂದೆ ಹೊರಜಿಲ್ಲೆಯ ಒಂದು ಪ್ರಯೋಗಾಲಯಕ್ಕೆ ಇಂಥ ಸ್ಕ್ಯಾನರಿಗೆ ತಂತಿ ಎಳೆದುಕೊಡುವ ಕೆಲಸ ನನಗೆ ಸಿಕ್ಕಿದ್ದರಿಂದ ಲೆಕ್ಕ ಗೊತ್ತಿದೆ.

ಸ್ಲೈಡಿನ ಮೇಲೆ 15 ಮಿಲಿಮೀಟರ್ ಉದ್ದಗಲದ ಅಂಗಾಂಶವಿದೆ ಎಂದಿಟ್ಟುಕೊಳ್ಳಿ. ಕಾಲು ಮೈಕ್ರಾನಿಗೊಂದು ಚುಕ್ಕೆಯಂತೆ ತೆಗೆದರೆ ಒಂದೊಂದು ಬದಿಗೆ 60,000 ಚುಕ್ಕೆಗಳು, ಒಟ್ಟು 360 ಕೋಟಿ. ಬಣ್ಣ ಸೇರಿ ಸುಮಾರು 11 ಜಿಬಿ. ಅದುಮಿದ ಮೇಲೆ ಒಂದು ಜಿಬಿಯ ಆಸುಪಾಸು. ಹತ್ತು ಎಂಬಿಪಿಎಸ್ ಅಪ್‌ಲೋಡ್ ಇರುವ ತಂತಿಯಲ್ಲಿ ಅದು ಹೋಗಲು ಹದಿಮೂರು ಹದಿನಾಲ್ಕು ನಿಮಿಷ. ಆದರೆ ಬೆಳೆಗಾರರ ಅತ್ತೆಯವರದು ಸೂಜಿ ತುಂಡು. ಉದ್ದ ಅಷ್ಟೇ ಇದ್ದರೂ ಅಗಲ ಒಂದೂವರೆ ಮಿಲಿಮೀಟರ್. ಸ್ಕ್ಯಾನರ್ ಖಾಲಿ ಗಾಜನ್ನು ಬಿಟ್ಟು ಅಂಗಾಂಶವನ್ನಷ್ಟೇ ತೆಗೆಯುವುದರಿಂದ ತುಂಡೊಂದಕ್ಕೆ ಕಡತ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಮದುವೆಯ ವಿಡಿಯೋ ಕಳುಹಿಸುವ ನಮ್ಮ ಜನರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ಆ ಕಡೆ ನೋಡುವ ವೈದ್ಯರಿಗಂತೂ ಇಡೀ ಕಡತ ಇಳಿಸಿಕೊಳ್ಳುವ ಅಗತ್ಯವಿಲ್ಲ. ಫೋನಿನಲ್ಲಿ ಊರಿನ ನಕ್ಷೆ ನೋಡುವಾಗ ಬೆರಳಿಟ್ಟ ಜಾಗವಷ್ಟೇ ಇಳಿಯುವಂತೆ, ಇಲ್ಲಿಯೂ ಬೇಕಾದ ಚೌಕಗಳಷ್ಟೇ ಇಳಿಯುತ್ತವೆ.

ಕರೆಂಟಿನ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ದಿನಗಟ್ಟಲೆ ವಿದ್ಯುತ್ತಿಲ್ಲದ ಊರುಗಳು ನಮ್ಮವು. ಮೊಬೈಲ್ ಟವರುಗಳೂ ಬ್ಯಾಟರಿ ಮುಗಿದ ಮೇಲೆ ಸುಮ್ಮನಾಗುತ್ತವೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ ಸಂಪಾಜೆ ರಸ್ತೆ ಮುಚ್ಚಿದಾಗ ಮಂಗಳೂರಿಗೆ ಹೋಗಬೇಕಾದವರು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ರಸ್ತೆಯನ್ನು ತಂತಿಯಿಂದ ಬದಲಿಸುವಾಗ ತಂತಿಯೂ ಮಳೆಗೆ ಸಿಕ್ಕುವಂಥದ್ದೇ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಎರಡು ಬೇರೆ ಕಂಪನಿಗಳ ಸಂಪರ್ಕ, ಒಂದು ಒಳ್ಳೆಯ ಯುಪಿಎಸ್ ಇಟ್ಟುಕೊಂಡರೆ ತಡ ಗಂಟೆಗಳಲ್ಲಿ ಆಗುತ್ತದೆ, ದಿನಗಳಲ್ಲಿ ಅಲ್ಲ.

ನಾಪೋಕ್ಲಿನವಳು, ಈಗ ಮೈಸೂರಿನಲ್ಲಿ ಪೆಥಾಲಜಿಸ್ಟ್

ಲೆಕ್ಕವನ್ನು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಸ್ಕ್ಯಾನರ್ ಇಲ್ಲದ ಕಡೆ ಸೂಕ್ಷ್ಮದರ್ಶಕದ ಕಣ್ಣಿಗೆ ಮೊಬೈಲ್ ಹಿಡಿದು ನಾಲ್ಕು ಚಿತ್ರ ತೆಗೆದು ವಾಟ್ಸ್ಯಾಪಿನಲ್ಲಿ ಕಳುಹಿಸಿ, ಏನು ಹೇಳುತ್ತೀರಿ ಮೇಡಂ ಎಂದು ಕೇಳುವ ರೂಢಿ ನಮ್ಮಲ್ಲಿ ಬೆಳೆದುಬಿಟ್ಟಿದೆ. ಚಿತ್ರ ತೆಗೆದವರು ಯಾವ ಜಾಗ ಆರಿಸಿದರೋ ಅಷ್ಟೇ ನನಗೆ ಕಾಣುವುದು. ರೋಗ ಅದರ ಪಕ್ಕದ ಜಾಗದಲ್ಲಿದ್ದರೆ ನನಗೆ ಗೊತ್ತಾಗುವ ದಾರಿಯೇ ಇಲ್ಲ. ಇಡೀ ಸ್ಲೈಡಿನ ಚಿತ್ರಕ್ಕೂ ಇದಕ್ಕೂ ಅಜಗಜಾಂತರ.

ಹಾಗೆ ಬಂದ ಚಿತ್ರದ ಮೇಲೆ ಕೃತಕ ಬುದ್ಧಿಮತ್ತೆಯನ್ನೂ ಕೂರಿಸಬಹುದು. 2021ರಲ್ಲಿ ಎಫ್‌ಡಿಎ ಪ್ರಾಸ್ಟೇಟ್ ಬಯಾಪ್ಸಿಗಾಗಿ ಇಂಥ ಮೊದಲ ತಂತ್ರಾಂಶಕ್ಕೆ ಅನುಮತಿ ಕೊಟ್ಟಿತು. ಅದು ಅನುಮಾನದ ಜಾಗವನ್ನು ತೋರಿಸುತ್ತದೆ. ವರದಿಗೆ ಸಹಿ ವೈದ್ಯರದೇ. ಲಾಸ್ ಏಂಜಲಿಸಿನ ಆಯ್ದೊಗನ್ ಓಜ್‌ಕಾನ್ ಅವರ ತಂಡ 2019ರಲ್ಲಿ ಇನ್ನೂ ಮುಂದೆ ಹೋಗಿ, ಬಣ್ಣ ಹಾಕದ ಅಂಗಾಂಶದ ಸಹಜ ಹೊಳಪಿನ ಚಿತ್ರದಿಂದಲೇ ಬಣ್ಣ ಹಾಕಿದರೆ ಹೇಗೆ ಕಾಣುತ್ತಿತ್ತೆಂಬುದನ್ನು ಕಂಪ್ಯೂಟರಿನಿಂದ ಬರೆಸಿತು. ನೋಡಲು ಬೆರಗಾಗುತ್ತದೆ. ಆದರೆ ಅಲ್ಲಿ ಕಾಣುವ ಕೋಶಕೇಂದ್ರ ಬಣ್ಣ ಕುಡಿದು ನಿಂತದ್ದಲ್ಲ, ತಾನು ಕಲಿತ ಸಾವಿರಾರು ಚಿತ್ರಗಳ ಆಧಾರದ ಮೇಲೆ ಯಂತ್ರ ಊಹಿಸಿದ್ದು. ಅದು ಎಂದೂ ಕಾಣದ ಅಪರೂಪದ ಗೆಡ್ಡೆ ಎದುರಾದಾಗ ಸುಂದರವಾಗಿಯೇ ತಪ್ಪಬಹುದೆಂಬ ಭಯ ನನಗಿದೆ, ಇದನ್ನು ನನ್ನ ಹಳೆಯ ಕಾಲದ ಮನಸ್ಸೆಂದು ನಗುವ ಕಿರಿಯ ಸಹೋದ್ಯೋಗಿಗಳೂ ಇದ್ದಾರೆ.

ಕೊಡಗಿಗೆ ಏನು ಮೊದಲು ಬರಬೇಕೆಂದು ಕೇಳಿದರೆ ನನ್ನ ಉತ್ತರ ಸ್ಕ್ಯಾನರ್. ಅದರ ಹಿಂದೆ ನಿಲ್ಲಲು ಬ್ಲಾಕ್ ಕಟ್ಟಿ ತೆಳ್ಳಗೆ ಕೊಯ್ಯಬಲ್ಲ ಇಬ್ಬರು ನುರಿತ ಟೆಕ್ನೀಷಿಯನ್ನರು ಬೇಕು. ಸುಕ್ಕು ಬಿದ್ದ ಸ್ಲೈಡನ್ನು ಸ್ಕ್ಯಾನರ್ ಸುಕ್ಕಾಗಿಯೇ ಮೈಸೂರಿಗೆ ಕಳುಹಿಸುತ್ತದೆ. ಮ್ಯೂಸ್‌ನಂಥದ್ದು ಎರಡನೆಯದಾಗಿ ಬರಲಿ.

ನಿವೃತ್ತ ಲ್ಯಾಬ್ ಟೆಕ್ನೀಷಿಯನ್, ವಿರಾಜಪೇಟೆ

ಅಲ್ಲಿಯವರೆಗೆ ತುಂಡು ಕೈಯಲ್ಲಿ ಹಿಡಿದು ಹೋಗುವವರಿಗೆ ನಾಲ್ಕು ಮಾತು. ದ್ರವ ತುಂಡಿನ ಗಾತ್ರದ ಹತ್ತು ಪಟ್ಟಾದರೂ ಇರಬೇಕು. ವಾಸನೆ ಇಲ್ಲದಿದ್ದರೆ ಇದು ಫಾರ್ಮಲಿನ್ ಹೌದೇ ಎಂದು ಅಲ್ಲಿಯೇ ಕೇಳಿ, ನಾಚಿಕೊಳ್ಳಬೇಡಿ. ಹೆಸರು, ತೆಗೆದ ಜಾಗ, ದ್ರವಕ್ಕೆ ಹಾಕಿದ ದಿನ ಮತ್ತು ಗಂಟೆ ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಬರೆಸಿಕೊಳ್ಳಿ, ಮುಚ್ಚಳಗಳು ಅದಲುಬದಲಾಗುತ್ತವೆ. ಮುಚ್ಚಳದ ಸುತ್ತ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿದರೆ ಪಕ್ಕದ ಸೀಟಿನವರ ಕಣ್ಣೂ ಉಳಿಯುತ್ತದೆ. ಫ್ರಿಜ್ಜಿನ ಮೇಲುಖಾನೆಯಲ್ಲಿ ಮಾತ್ರ ಇಡಬೇಡಿ. ಮಂಜುಗಡ್ಡೆಯ ಹರಳು ಜೀವಕೋಶಗಳನ್ನು ಹರಿದುಹಾಕುತ್ತದೆ.

ವರದಿ ಬಂದ ಮೇಲೆ ಬ್ಲಾಕ್ ಮತ್ತು ಸ್ಲೈಡುಗಳನ್ನು ಬರವಣಿಗೆಯಲ್ಲಿ ಕೇಳಿ ಪಡೆಯುವ ರೂಢಿ ಇದೆ. ಬೇರೆ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಬೇಕಾದರೆ ಮತ್ತೆ ಸೂಜಿ ಹಾಕಿಸಿಕೊಳ್ಳಬೇಕಾಗಿಲ್ಲ. ಡಾಕ್ಟರಮ್ಮನವರು ಹೇಳಿದ ಆ 250 ಪದರಗಳಲ್ಲಿ ಹೆಚ್ಚಿನವು ಅದೇ ಮೇಣದಲ್ಲಿ ಇರುತ್ತವೆ, ವರ್ಷಗಳವರೆಗೆ ಕೆಡುವುದಿಲ್ಲ. ಬ್ಲಾಕಿನ ಸಂಖ್ಯೆ ವರದಿಯಲ್ಲಿಯೇ ಇರುತ್ತದೆ. ಮೇಣದ ಬ್ಲಾಕನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟುಹೋಗಬೇಡಿ.